ಹಿಂಬದಿ ಬಂಪರ್ ನಾವೇ ಕಟ್ಟುವುದು: ಎಷ್ಟು ಕಬ್ಬಿಣ ಬೇಕು, ಎಷ್ಟು ಬೇಡ

ಕಲ್ಲುಹಾದಿ

ಗೆಳೆಯರೇ, ನಮಸ್ಕಾರ. ನನ್ನದು ಲ್ಯಾಡರ್ ಚಾಸಿಯ (ಎರಡು ಉದ್ದ ಉಕ್ಕಿನ ರೈಲುಗಳನ್ನು ಅಡ್ಡಪಟ್ಟಿಗಳು ಸೇರಿಸುವ ಏಣಿಯಂಥ ಚೌಕಟ್ಟಿನ) ಚಿಕ್ಕ ಫೋರ್ ಬೈ ಫೋರ್. ಹಿಂದಿನ ಪ್ಲಾಸ್ಟಿಕ್ ಬಂಪರ್‌ನ ಎರಡೂ ಮೂಲೆ ಕಲ್ಲಿಗೆ ಉಜ್ಜಿ ಹರಿದುಹೋಗಿವೆ. ಹೊಸದು ಹಾಕಿದರೂ ಮುಂದಿನ ಸಲ ಅದೇ ಗತಿ. ಅದಕ್ಕೇ ಕಬ್ಬಿಣದಲ್ಲಿ ನಾನೇ ಒಂದು ಕಟ್ಟೋಣ ಎಂದುಕೊಂಡಿದ್ದೇನೆ.

ರೆಡಿಮೇಡ್ ಸಿಗುವವನ್ನೆಲ್ಲ ನೋಡಿಯಾಯಿತು. ಸ್ಟೆಪ್ನಿ ಹೊರುವ ತೋಳು, ಕ್ಯಾನ್ ಕೂರಿಸುವ ತಟ್ಟೆ, ಸಾಲು ದೀಪ ಎಲ್ಲ ಇವೆ. ನನಗೆ ಅದ್ಯಾವುದೂ ಬೇಡ. ಗಾಡಿ ಸಿಕ್ಕಿಕೊಂಡರೆ ನಂಬಿಕೆಯಿಂದ ಎಳೆಸಿಕೊಳ್ಳಲು ಎರಡು ಕೊಂಡಿ, ಇಳಿಯುವಾಗ ಕಲ್ಲಿಗೆ ತಾಗಿದರೆ ಜಾರಿಕೊಂಡು ಹೋಗುವ ಮೂಲೆ, ನಂಬರ್ ಪ್ಲೇಟ್ ಮತ್ತು ಅದರ ದೀಪಕ್ಕೆ ಜಾಗ. ಇಷ್ಟೇ.

ಮನಸ್ಸಿನಲ್ಲಿರುವುದು 100×50ರ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಬಾಕ್ಸ್ ಪೈಪ್, ಚಾಸಿಯ ಎರಡು ತುದಿಗೆ ಬೋಲ್ಟ್. ದಪ್ಪ 3 ಎಂಎಂ ಸಾಕೇ, 5 ಬೇಕೇ? ಚಾಸಿಗೆ ಕೂರಿಸುವುದು ಹೇಗೆ? ಮಾಡಿ ನೋಡಿದವರು ಹೇಳಿ.

ದಾರದಳತೆ

ಪೈಪ್ ತರುವ ಮೊದಲು ಒಂದು ದಾರ ತನ್ನಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಟೈರಿನ ಅಡಿಯಿಂದ ಬಂಪರಿನ ಕೆಳಅಂಚಿಗೆ ದಾರ ಬಿಗಿಯಾಗಿ ಎಳೆಯಿರಿ. ದಾರ ಟೈರಿಗೆ ಒರಗಿಕೊಂಡೇ ಮೇಲೇರಬೇಕು. ನೆಲಕ್ಕೂ ದಾರಕ್ಕೂ ನಡುವಿನ ಕೋನವೇ ಡಿಪಾರ್ಚರ್ ಆಂಗಲ್. ಇಳಿಜಾರಿನಿಂದ ಸಮ ನೆಲಕ್ಕೆ ಬರುವಾಗ ಬಾಲ ತಾಗುತ್ತದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ಅದೇ.

ಇಲ್ಲಿ ಎತ್ತರ ಮತ್ತು ಉದ್ದ ಎರಡೂ ಆಟವಾಡುತ್ತವೆ. ಟೈರಿನ ತ್ರಿಜ್ಯ 380 ಎಂಎಂ ಎಂದಿಟ್ಟುಕೊಳ್ಳಿ. ಬಂಪರಿನ ಕೆಳಅಂಚು ನೆಲದಿಂದ 450, ಟೈರು ನೆಲಕ್ಕೆ ತಾಗುವ ಬಿಂದುವಿನಿಂದ 800 ಹಿಂದೆ ಇದ್ದರೆ ಕೋನ ಸುಮಾರು 33 ಡಿಗ್ರಿ. ಅದೇ ಅಂಚನ್ನು 100 ಮೇಲೆತ್ತಿ, 100 ಒಳಕ್ಕೆ ತಂದರೆ 45 ಡಿಗ್ರಿಗೆ ಏರುತ್ತದೆ. ಸಸ್ಪೆನ್ಷನ್ ಎತ್ತರಿಸದೆ ಸಿಗುವ ಲಾಭ ಇದು. ಇದಕ್ಕೇ ಮಿನಿಮಲ್ ಬಂಪರ್ ಬೇಕಾಗಿರುವುದು, ಅಂದಕ್ಕಲ್ಲ.

ಆದರೆ ಎಲ್ಲ ಗಾಡಿಗೂ ಇಷ್ಟು ಲಾಭವಿಲ್ಲ. ಮೂರು ಬಾಗಿಲಿನ ಈಗಿನ ಸುಜುಕಿ ಜಿಮ್ನಿಗೆ ಕಂಪನಿಯೇ ಕೊಟ್ಟಿರುವ ಕೋನ 49 ಡಿಗ್ರಿ. ಅಲ್ಲಿ ಬಂಪರ್ ಬದಲಿಸುವುದು ಕೋನಕ್ಕಿಂತ ಮೂಲೆಗಳಿಗಾಗಿ ಮತ್ತು ಎಳೆಯುವ ಕೊಂಡಿಗಾಗಿ. ನಿಮ್ಮ ಗಾಡಿಯಲ್ಲಿ ದಾರ ಮೊದಲು ತಾಗುವುದು ಬಂಪರಿಗೋ, ಸೈಲೆನ್ಸರ್ ಕೊಳವೆಗೋ, ಚಾಸಿಯ ತುದಿಗೋ ನೋಡಿಕೊಳ್ಳಿ. ಕೊಳವೆಯೇ ಮೊದಲು ತಾಗುವುದಾದರೆ ಬಂಪರನ್ನು ಎಷ್ಟು ಮೇಲೆತ್ತಿದರೂ ಪ್ರಯೋಜನವಿಲ್ಲ.

ಕಮ್ಮಾರಸಾಲೆ

ಕಲ್ಲುಹಾದಿಯವರೇ, ನೀವು ಪೈಪಿನ ದಪ್ಪ ಕೇಳುತ್ತಿದ್ದೀರಿ. ಅದು ಎರಡನೆಯ ಪ್ರಶ್ನೆ. ಹಿಂಬದಿ ಬಂಪರಿನಲ್ಲಿ ಅಡ್ಡ ಪೈಪ್ ಸುಲಭದ ಕೆಲಸ. ಅರ್ಧಕ್ಕಿಂತ ಹೆಚ್ಚು ಶ್ರಮ ಬಂಪರನ್ನು ಚಾಸಿಗೆ ಹಿಡಿಸುವ ಬ್ರಾಕೆಟ್ಟಿಗೆ ಹೋಗಬೇಕು. ಎಳೆತ ಕೊಂಡಿಯಿಂದ ಚಾಸಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಲು ನಿಮಗೆ ಬರಬೇಕು. ತೋರಿಸಲಾಗದ ಬಂಪರಿಗೆ ಯಾರೂ ಹಗ್ಗ ಕಟ್ಟಬಾರದು.

ಒಂದು ಲೆಕ್ಕ ಕೊಡುತ್ತೇನೆ. ಕೊಂಡಿಗೆ 4 ಟನ್ ಎಳೆತ ಬಿತ್ತು ಎನ್ನಿ, ಅಂದರೆ ಸುಮಾರು 40 ಕಿಲೋನ್ಯೂಟನ್. ಕೆಸರಿನಲ್ಲಿ ಹೂತ ಗಾಡಿಯನ್ನು ಹಿಗ್ಗುವ ಹಗ್ಗದಲ್ಲಿ ಜಗ್ಗಿದಾಗ ಇಷ್ಟು ಬರುವುದು ದೊಡ್ಡ ಮಾತಲ್ಲ. ಕೊಂಡಿಯ ತೂತು ಬೋಲ್ಟುಗಳ ಸಾಲಿಗಿಂತ 100 ಎಂಎಂ ಮೇಲಿದ್ದರೆ ಆ ಎಳೆತ ಬ್ರಾಕೆಟ್ಟನ್ನು 4 ಕಿಲೋನ್ಯೂಟನ್ ಮೀಟರ್ ಬಲದಲ್ಲಿ ತಿರುಚುತ್ತದೆ. ಚಾಸಿಯ ತುದಿಯ ಫ್ಲೇಂಜಿನಲ್ಲಿ ಮೇಲೊಂದು ಕೆಳಗೊಂದು, 80 ಎಂಎಂ ಅಂತರದಲ್ಲಿ ಬೋಲ್ಟು ಹಾಕಿದ್ದೀರಿ. ಆಗ ತಿರುಚಾಟ ಒಂದರಿಂದಲೇ ಬೋಲ್ಟಿನ ಮೇಲೆ 50 ಕಿಲೋನ್ಯೂಟನ್ ಬರುತ್ತದೆ, ನೇರ ಎಳೆತ ಬೇರೆ. 8.8 ದರ್ಜೆಯ 12 ಎಂಎಂ ಬೋಲ್ಟಿನ ಪ್ರೂಫ್ ಲೋಡ್ (ಶಾಶ್ವತವಾಗಿ ಹಿಗ್ಗದೆ ತಾಳುವ ಎಳೆತ) ಸುಮಾರು 49. ಅಲ್ಲಿಗೆ ಲೆಕ್ಕ ಮುಗಿಯಿತು.

ಇದನ್ನೇ ಬೇರೆ ಥರ ಮಾಡಿ. ಬ್ರಾಕೆಟ್ಟಿನ ಪ್ಲೇಟುಗಳು ಚಾಸಿಯ ಪಕ್ಕಗಳನ್ನು ತಬ್ಬಿಕೊಂಡು ಉದ್ದಕ್ಕೆ ಮುಂದಕ್ಕೆ ಹೋಗಲಿ. ಮೊದಲ ಬೋಲ್ಟಿಗೂ ಕೊನೆಯ ಬೋಲ್ಟಿಗೂ 200 ಎಂಎಂ ಅಂತರ ಸಿಕ್ಕಿದರೆ ಅದೇ ತಿರುಚು 20 ಕಿಲೋನ್ಯೂಟನ್ನಿಗೆ ಇಳಿಯುತ್ತದೆ. ಕೊಂಡಿಯನ್ನು ಚಾಸಿ ರೈಲಿನ ನೇರಕ್ಕೇ ತಂದರೆ ತಿರುಚೇ ಬಹುಪಾಲು ಇಲ್ಲವಾಗುತ್ತದೆ. ದಪ್ಪ ಪೈಪ್ ತಂದು ಗಳಿಸಲಾಗದ್ದನ್ನು ಹೀಗೆ ಜಾಗ ನೋಡಿ ಕೂರಿಸಿ ಗಳಿಸಬಹುದು.

ಚಾಸಿ ಪೆಟ್ಟಿಗೆಯಾಕಾರದ್ದಾದರೆ ಬೋಲ್ಟ್ ಆರಪಾರು ಹೋಗುವಲ್ಲಿ ಒಳಗೊಂದು ಸ್ಲೀವ್, ಅಂದರೆ ಬೋಲ್ಟ್ ಹಾಯುವ ಗಟ್ಟಿ ಕೊಳವೆ, ಬೇಕೇ ಬೇಕು. ಇಲ್ಲದಿದ್ದರೆ ಸ್ಪ್ಯಾನರ್ ಬಿಗಿದಂತೆಲ್ಲ ಪೆಟ್ಟಿಗೆಯ ಗೋಡೆ ಒಳಕ್ಕೆ ಅಮುಕಿಕೊಳ್ಳುತ್ತದೆ, ಬೋಲ್ಟ್ ಯಾವತ್ತಿಗೂ ಬಿಗಿಯಾಗುವುದಿಲ್ಲ. ಚಾಸಿಗೆ ನೇರ ವೆಲ್ಡ್ ಮಾತ್ರ ಬೇಡ. ಕಾವು ತಾಗಿದ ಅಂಚಿನಲ್ಲಿ ಉಕ್ಕಿನ ಗುಣ ಬದಲಾಗುತ್ತದೆ, ಮುಂದೆ ಬಿರುಕು ಶುರುವಾಗುವುದೂ ಅಲ್ಲೇ. ಬೋಲ್ಟಾದರೆ ಬಿಚ್ಚಿ ನೋಡಬಹುದು.

ಹೊಸಚಕ್ರ

ಕಮ್ಮಾರಸಾಲೆ ಅಣ್ಣ, ಒಂದು ಸಣ್ಣ ಪ್ರಶ್ನೆ. ನನ್ನ ಗಾಡಿಗೆ ಹಿಂದೆ ಟ್ರೇಲರ್ ಎಳೆಯುವ ಗುಂಡು ಇದೆ. ಹಗ್ಗವನ್ನು ಅದಕ್ಕೇ ಸಿಕ್ಕಿಸಿದರೆ ಆಗಲ್ವಾ? ಬೇರೆ ಕೊಂಡಿ ಯಾಕೆ?

ಕಮ್ಮಾರಸಾಲೆ

ಆಗಲ್ಲ ತಮ್ಮಾ. ಯಾವ ಕಾರಣಕ್ಕೂ ಹಾಕಬೇಡ. ಟ್ರೇಲರ್ ಗುಂಡು ನಿಧಾನವಾದ, ಸಮನಾದ ಎಳೆತಕ್ಕೆ ಮಾಡಿದ್ದು. ಜಗ್ಗಿದಾಗ ಅದರ ಕುತ್ತಿಗೆ ಮುರಿದರೆ ಹಿಗ್ಗಿದ ಹಗ್ಗ ಅದನ್ನು ಬಂದೂಕಿನ ಗುಂಡಿನ ಹಾಗೆ ಎಸೆಯುತ್ತದೆ. ಹೀಗೆ ಜನ ಸತ್ತಿದ್ದಾರೆ, ಹಿಂದಿನ ಗಾಡಿಯ ಗಾಜು ತೂರಿ ಒಳಗೆ ಕೂತವರೇ ಸತ್ತಿದ್ದಾರೆ. ಗುಂಡು ಕೂರಿಸುವ ಚೌಕ ರಿಸೀವರ್ ಇದ್ದು, ಅದು ಚಾಸಿಗೆ ಸರಿಯಾಗಿ ಬೋಲ್ಟ್ ಆಗಿದ್ದರೆ, ಗುಂಡು ತೆಗೆದು ಆ ತೂತಿಗೆ ಹೊಂದುವ ಶ್ಯಾಕಲ್ (ಪಿನ್ ಹಾಕುವ ಯು ಆಕಾರದ ಉಕ್ಕಿನ ಬಳೆ) ಬ್ಲಾಕ್ ಹಾಕಬಹುದು.

ಎರಡನೇಗೇರ್

ನಾನು ಇದಕ್ಕೆ ಸ್ವಲ್ಪ ವಿರುದ್ಧವಾಗಿ ಮಾತಾಡಬೇಕು, ಬೇಸರ ಮಾಡಿಕೊಳ್ಳಬೇಡಿ. ಕಂಪನಿಯ ಪ್ಲಾಸ್ಟಿಕ್ ಕವಚದ ಹಿಂದೆ ಏನಿದೆ ಎಂದು ನೋಡಿದ್ದೀರಾ? ಬಹಳಷ್ಟು ಗಾಡಿಗಳಲ್ಲಿ ಅಲ್ಲೊಂದು ಉಕ್ಕಿನ ಅಡ್ಡ ಬೀಮ್, ಅದಕ್ಕೂ ಚಾಸಿಗೂ ನಡುವೆ ತೆಳು ತಗಡಿನ ಡಬ್ಬಿಗಳು ಇರುತ್ತವೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಆ ಡಬ್ಬಿ ನಜ್ಜುಗುಜ್ಜಾಗಿ ಹೊಡೆತವನ್ನು ತಿಂದುಕೊಳ್ಳುತ್ತದೆ. ಅದನ್ನು ತೆಗೆದು 5 ಎಂಎಂ ಪೈಪ್ ನೇರವಾಗಿ ಚಾಸಿಗೆ ಬಿಗಿದರೆ ಪೈಪಿಗೇನೂ ಆಗುವುದಿಲ್ಲ. ಹೊಡೆತ ಪೂರ್ತಿ ಚಾಸಿಗೆ ಹೋಗುತ್ತದೆ, ಅಲ್ಲಿಂದ ಸೀಟಿಗೆ, ಸೀಟಿನಲ್ಲಿ ಕೂತವರ ಕುತ್ತಿಗೆಗೆ. ಗುದ್ದಿದ ಗಾಡಿಯವರಿಗೂ ಅಷ್ಟೇ. ಪೈಪಿನ ಚೂಪು ಮೂಲೆ ನಡೆದುಹೋಗುವವರ ಮೊಣಕಾಲಿನ ಎತ್ತರಕ್ಕೇ ಇರುತ್ತದೆ ಎನ್ನುವುದೂ ನೆನಪಿರಲಿ.

ಈ ಗಾಡಿ ವಾರವೆಲ್ಲ ಊರೊಳಗೆ ಓಡುವುದಾದರೆ ಇದು ಸಣ್ಣ ವಿಷಯವಲ್ಲ. ನಿಮ್ಮಲ್ಲಿ ಕಾನೂನು ಏನು ಹೇಳುತ್ತದೆ, ವಿಮೆಯವರು ಏನು ಹೇಳುತ್ತಾರೆ ಎಂದು ಕಟ್ಟಿಂಗ್ ಡಿಸ್ಕ್ ಮುಟ್ಟುವ ಮೊದಲೇ ಕೇಳಿಕೊಳ್ಳಿ. ಬಂಪರ್ ಕಟ್ಟಿದ ಮೇಲೆ ಕೇಳಿದರೆ ಉತ್ತರ ಇಷ್ಟವಾಗದಿರಬಹುದು.

ಕಲ್ಲುಹಾದಿ

ಎರಡನೇಗೇರ್ ಸರ್, ನೀವು ಹೇಳಿದ್ದು ಸರಿಯಾದ ಮಾತು. ಕವಚ ಬಿಚ್ಚಿ ನೋಡಿದೆ. ನನ್ನ ಗಾಡಿಯಲ್ಲಿ ಡಬ್ಬಿಗಳು ಇಲ್ಲ. ಚಾಸಿಯ ಕೊನೆಯ ಅಡ್ಡಪಟ್ಟಿ ಇದೆ, ಅದರ ಹಿಂದೆ ಪ್ಲಾಸ್ಟಿಕ್ ಹಿಡಿಯುವ ತೆಳು ತಗಡು, ಅಷ್ಟೇ. ಒಳಗೆ ಕೈಯಿಟ್ಟರೆ ಹಿಡಿಗಟ್ಟಲೆ ಒಣಗಿದ ಕೆಸರು. ಅದನ್ನು ಕೆರೆದಾಗ ಕೆಳಗೆ ರೈಲಿನ ಎರಡೂ ಪಕ್ಕದಲ್ಲಿ ಕಂಪನಿಯೇ ಕೊರೆದಿಟ್ಟ ತೂತುಗಳು ಸಿಕ್ಕವು, ಒಳಗೆ ವೆಲ್ಡ್ ಮಾಡಿದ ನಟ್ಟುಗಳ ಸಮೇತ. ಮೊದಲ ತೂತಿನಿಂದ ಕೊನೆಯದಕ್ಕೆ 180 ಎಂಎಂ. ಹೊಸದಾಗಿ ಕೊರೆಯುವುದು ಬಹುಶಃ ಬೇಕಾಗುವುದೇ ಇಲ್ಲ.

ರಟ್ಟಿನಲ್ಲಿ ಮಾದರಿ ಕತ್ತರಿಸಿ ಅಂಟಿಸಿ ನೋಡುತ್ತಿದ್ದೇನೆ. ಟೈಲ್‌ಗೇಟ್ ತೆರೆದರೆ ತಾಗುತ್ತದಾ, ಸ್ಟೆಪ್ನಿ ಬಿಚ್ಚಲು ಸ್ಪ್ಯಾನರ್ ತಿರುಗುತ್ತದಾ, ಸೈಲೆನ್ಸರ್ ಕೊಳವೆಗೆ ಎಷ್ಟು ಜಾಗ ಉಳಿಯುತ್ತದೆ, ಎಲ್ಲ ರಟ್ಟಿನಲ್ಲೇ ಗೊತ್ತಾಗುತ್ತಿದೆ.

ದಾರದಳತೆ

ರಟ್ಟು ಇಡುವಾಗ ಬಾಡಿಗೂ ಬಂಪರಿಗೂ ನಡುವೆ 15ರಿಂದ 20 ಎಂಎಂ ಸಂದು ಬಿಡಿ. ಲ್ಯಾಡರ್ ಚಾಸಿಯಲ್ಲಿ ಬಾಡಿ ಕೂತಿರುವುದು ರಬ್ಬರಿನ ಮೇಲೆ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಕಲ್ಲೇರಿದಾಗ ಚಾಸಿ ಒಂದು ಕಡೆಗೆ ತಿರುಚುತ್ತದೆ, ಬಾಡಿ ಅದರ ಪಾಡಿಗೆ ಅದು ಇರುತ್ತದೆ. ಬಂಪರ್ ಚಾಸಿಯ ಕಡೆಯದು. ಗ್ಯಾರೇಜಿನಲ್ಲಿ ಚೆಂದ ಕಾಣಲಿ ಎಂದು ಸಂದು ಮುಚ್ಚಿದರೆ ಹೊರಗೆ ಹೋದ ದಿನ ಬಾಡಿಯ ತಗಡು ನೆಗ್ಗುತ್ತದೆ. ಸಾಧ್ಯವಾದರೆ ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಆಗಲೂ ಸಂದು ಉಳಿದಿದೆಯಾ ನೋಡಿ.

ಕಮ್ಮಾರಸಾಲೆ

ಈಗ ದಪ್ಪದ ವಿಷಯ. 100×50×3ರ ಪೈಪ್ ಮೀಟರಿಗೆ ಸುಮಾರು 6.7 ಕೆ.ಜಿ., 5 ಎಂಎಂ ಆದರೆ ಹತ್ತೂವರೆಯಿಂದ ಹನ್ನೊಂದು. 1.4 ಮೀಟರಿನ ಬಂಪರಿಗೆ ಪೈಪ್ ಮಾತ್ರವೇ ಒಂಬತ್ತೂವರೆ ಕೆ.ಜಿ., ಇಲ್ಲವೇ ಹದಿನೈದು. ಬ್ರಾಕೆಟ್, ಕೊಂಡಿ, ಮೂಲೆಯ ತುಂಡುಗಳು ಸೇರಿದರೆ ಇನ್ನಷ್ಟು. ನಾನಾದರೆ ಪೈಪ್ 3 ಎಂಎಂ ಇಟ್ಟುಕೊಂಡು ಕಲ್ಲಿಗೆ ಉಜ್ಜುವ ಕೆಳಮುಖಕ್ಕೂ ಮೂಲೆಗೂ ಮಾತ್ರ 5ರ ಪ್ಲೇಟ್ ಹಾಕುತ್ತೇನೆ. ಬ್ರಾಕೆಟ್ 6 ಅಥವಾ 8. ಕೊಂಡಿಯ ಪ್ಲೇಟ್ 20ರ ಆಸುಪಾಸು.

ತೂಕದ ಬಗ್ಗೆ ಇಷ್ಟು ಜಿಪುಣತನ ಯಾಕೆಂದರೆ, ಅದು ಕೂರುವುದು ಹಿಂದಿನ ಆಕ್ಸಲ್ಲಿನ ಆಚೆ. ಆಕ್ಸಲ್ಲಿನಿಂದ 1 ಮೀಟರ್ ಹಿಂದೆ 40 ಕೆ.ಜಿ. ನೇತುಹಾಕಿದಿರಿ, ವೀಲ್‌ಬೇಸ್ 2.25 ಮೀಟರ್ ಎನ್ನಿ. ಹಿಂದಿನ ಆಕ್ಸಲ್ಲಿಗೆ ಬೀಳುವುದು 40 ಅಲ್ಲ, ಸುಮಾರು 58. ಹೆಚ್ಚಿಗೆ ಬಂದ 18 ಮುಂದಿನ ಚಕ್ರಗಳಿಂದ ಎತ್ತಿದ ತೂಕ. ಕಡಿದಾದ ಏರು ಹತ್ತುವಾಗ ಸ್ಟೇರಿಂಗ್ ಹಗುರಾಗುವುದು ಇದರಿಂದಲೇ. ಚಿಕ್ಕ ಗಾಡಿಗೆ ಸ್ಟೆಪ್ನಿ ತೋಳಿರುವ ದೊಡ್ಡ ಬಂಪರ್ ಬೇಡ ಎನ್ನುವುದಕ್ಕೆ ನನಗೆ ಈ ಒಂದು ಲೆಕ್ಕ ಸಾಕು.

ಹೊಸಚಕ್ರ

ಅಲ್ಯೂಮಿನಿಯಂನಲ್ಲಿ ಮಾಡಿದರೆ? ಹಗುರ ಅಲ್ವಾ ಅಣ್ಣ?

ಕಮ್ಮಾರಸಾಲೆ

ಉಕ್ಕಿನ ಮೂರನೇ ಒಂದು ತೂಕ, ನಿಜ. ಆದರೆ ಬಿಗುವೂ ಹೆಚ್ಚುಕಡಿಮೆ ಮೂರನೇ ಒಂದೇ. ಹಾಗಾಗಿ ದಪ್ಪ ಜಾಸ್ತಿ ಬೇಕು. 6061-ಟಿ6 ಥರದ ಮಿಶ್ರಲೋಹವನ್ನು ಬೆಸೆದಾಗ ಬೆಸುಗೆಯ ಪಕ್ಕದ ಭಾಗ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಕಲ್ಲಿಗೆ ಉಜ್ಜಿದರೆ ಉಕ್ಕಿನ ಹಾಗೆ ಜಾರದೆ ಕಚ್ಚಿಕೊಳ್ಳುತ್ತದೆ ಬೇರೆ. ಟಿಗ್ ವೆಲ್ಡಿಂಗಿನಲ್ಲಿ ಒಳ್ಳೆಯ ಕೈಯಿರುವವರು ಮಾಡಲಿ. ಮೊದಲ ಬಂಪರಿಗೆ ಎಂಎಸ್ಸೇ ಸರಿ.

ಕಲ್ಲುಹಾದಿ

ಕೊಂಡಿಯ ಪ್ಲೇಟನ್ನು ಪೈಪಿನ ಹಿಂಮುಖಕ್ಕೆ ಇಟ್ಟು ಸುತ್ತ ವೆಲ್ಡ್ ಮಾಡಿದರೆ ಸಾಕಾ?

ಕಮ್ಮಾರಸಾಲೆ

ಸಾಲದು. 3 ಎಂಎಂ ಗೋಡೆಗೆ ಅಂಟಿಸಿದ ಕೊಂಡಿ ಆ ಗೋಡೆಯನ್ನೇ ಸೀಳಿಕೊಂಡು ಬರುತ್ತದೆ. ಪೈಪಿನ ಹಿಂಮುಖದಲ್ಲೂ ಮುಂಮುಖದಲ್ಲೂ ಸೀಳು ಕೊರೆದು, ಪ್ಲೇಟನ್ನು ಆರಪಾರು ತೂರಿಸಿ, ಎರಡೂ ಮುಖದಲ್ಲಿ ವೆಲ್ಡ್ ಮಾಡಿ. ಒಳಗೆ ಬಂದ ಅದರ ಬಾಲವನ್ನು ನೇರ ಚಾಸಿ ಬ್ರಾಕೆಟ್ಟಿಗೇ ಬೆಸೆಯಿರಿ. ಆಗ ಎಳೆತ ಪೈಪನ್ನು ಕೇಳುವುದೇ ಇಲ್ಲ, ಕೊಂಡಿಯಿಂದ ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ರೈಲಿಗೆ ಹೋಗುತ್ತದೆ. ನಾನು ಮೊದಲು ಹೇಳಿದ ದಾರಿ ಇದೇ.

ಶ್ಯಾಕಲ್ 4.75 ಟನ್ನಿನದು ತಂದುಕೊಳ್ಳಿ, ಮೈಮೇಲೆ ಅಂಕಿ ಒತ್ತಿರುವುದು. ಅದರ ಪಿನ್ನು 22 ಎಂಎಂ ಇರುತ್ತದೆ, ತೂತು ಅದಕ್ಕಿಂತ ಒಂದೆರಡು ಎಂಎಂ ದೊಡ್ಡದಿರಲಿ. ತೂತಿನ ಅಂಚಿನಿಂದ ಪ್ಲೇಟಿನ ಹೊರ ಅಂಚಿಗೆ ತೂತಿನ ವ್ಯಾಸದಷ್ಟಾದರೂ ಉಕ್ಕು ಉಳಿಯಬೇಕು. ತೂತನ್ನು ಗ್ಯಾಸ್ ಕಟ್ಟರ್‌ನಲ್ಲಿ ಊದಬೇಡಿ, ಡ್ರಿಲ್ ಮಾಡಿಸಿ. ಎಳೆಸುವಾಗ ಸಾಧ್ಯವಾದಷ್ಟೂ ಎರಡೂ ಕೊಂಡಿಯನ್ನು ಸೇರಿಸುವ ಎಳೆಪಟ್ಟಿ ಹಾಕಿ ಅದರ ನಡುವಿನಿಂದ ಎಳೆಸಿ.

ತುಕ್ಕುವೈರಿ

ವೆಲ್ಡಿಂಗ್ ಶುರುವಾಗುವ ಮೊದಲು ನನ್ನದೂ ನಾಲ್ಕು ಮಾತು, ಯಾಕೆಂದರೆ ಇಲ್ಲಿ ಆರೋಗ್ಯವೇ ಹೋಗುವ ವಿಷಯಗಳಿವೆ.

ಸತುವಿನ ಲೇಪನದ ಪೈಪ್ ತಂದರೆ ತುಕ್ಕು ಹಿಡಿಯಲ್ಲ ಎಂದು ಹಲವರು ಅದನ್ನೇ ತರುತ್ತಾರೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವುದು 1,500ರ ಹತ್ತಿರ. ಅಂದರೆ ಆರ್ಕ್ ಹೊತ್ತಿದ ಕ್ಷಣವೇ ಸತು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಸಂಜೆ ಚಳಿಜ್ವರ, ಮೈಕೈ ನೋವು. ಬೆಸುಗೆಯೊಳಗೂ ಗುಳ್ಳೆ. ಲೇಪನವಿಲ್ಲದ ಪೈಪನ್ನೇ ತನ್ನಿ. ಎಣ್ಣೆ ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿ ಅದರ ಮೇಲೆ ವೆಲ್ಡ್ ಮಾಡುವುದಂತೂ ಪ್ರಾಣಕ್ಕೇ ಅಪಾಯ, ಆರ್ಕಿನ ಕಾವಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ, ಡಬ್ಬಿ ದೂರ ಇಡಿ.

ಗಾಡಿಯ ಮೇಲೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಮಾತ್ರ ಹಾಕಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿರಲಿ, ಅರ್ತ್ ಕ್ಲ್ಯಾಂಪ್ ಬೆಸೆಯುವ ತುಂಡಿಗೇ ಕಚ್ಚಿರಲಿ. ಪೆಟ್ರೋಲ್ ಟ್ಯಾಂಕ್ ಹಲವು ಗಾಡಿಗಳಲ್ಲಿ ಅಲ್ಲೇ ಮುಂದೆ ಇರುತ್ತದೆ, ಒದ್ದೆ ಕಂಬಳಿ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಂಡು ಜೊತೆಗೊಬ್ಬರನ್ನು ನಿಲ್ಲಿಸಿಕೊಳ್ಳಿ. ಟ್ಯಾಕ್ ಆದ ಮೇಲೆ ಬಂಪರ್ ಕೆಳಗಿಳಿಸಿಯೇ ಪೂರ್ತಿ ವೆಲ್ಡ್.

ಕಮ್ಮಾರಸಾಲೆ

ತುಕ್ಕುವೈರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಬ್ರಾಕೆಟ್ ಬೆಸೆಯುವ ಮೊದಲು ಅದೇ ದಪ್ಪದ ಎರಡು ತುಂಡನ್ನು ಟಿ ಆಕಾರದಲ್ಲಿ ಒಂದೇ ಕಡೆ ಬೆಸೆದು, ವೈಸಿಗೆ ಕಚ್ಚಿಸಿ, ಬೆಸುಗೆ ಬಾಯ್ಬಿಡುವ ಕಡೆಗೆ ಸುತ್ತಿಗೆಯಲ್ಲಿ ಬಡಿಯಿರಿ. ಪ್ಲೇಟ್ ಬಾಗಿ ಮಡಚಿಕೊಂಡರೂ ಬೆಸುಗೆ ಬಿಡದಿದ್ದರೆ ಕರೆಂಟ್ ಸೆಟ್ಟಿಂಗ್ ಸರಿ ಇದೆ. ಬೆಸುಗೆ ಕಿತ್ತು ಬಂದು ಅಡಿಯಲ್ಲಿ ಪ್ಲೇಟಿನ ಮೂಲ ಅಂಚು ಗೆರೆಯ ಹಾಗೆ ನೇರವಾಗಿ, ಕರಗದೆ ಕಾಣಿಸಿದರೆ ಮೇಲೆ ಎಷ್ಟೇ ಅಂದವಾದ ಸಾಲು ಬಂದಿರಲಿ, ಅದು ಅಂಟಿದೆ ಅಷ್ಟೇ, ಬೆಸೆದಿಲ್ಲ. ಕರೆಂಟ್ ಏರಿಸಿ, ಅಂಚನ್ನು ಓರೆಯಾಗಿ ಗ್ರೈಂಡ್ ಮಾಡಿ ಮತ್ತೆ ನೋಡಿ. ಕೊಂಡಿ ಮತ್ತು ಬ್ರಾಕೆಟ್ ಬೆಸುಗೆಯಲ್ಲಿ ಈ ಪರೀಕ್ಷೆ ದಾಟುವ ಕೈ ನಿಮ್ಮದಲ್ಲ ಅನಿಸಿದರೆ ರಟ್ಟು, ಕಟಿಂಗ್, ಟ್ಯಾಕ್ ನೀವೇ ಮಾಡಿ, ಆ ಬೆಸುಗೆಗಳನ್ನು ಮಾತ್ರ ನುರಿತವರ ಹತ್ತಿರ ಮಾಡಿಸಿ.

ಮೂಲೆಗಳಲ್ಲಿ ಬೆಸುಗೆಯನ್ನು ನುಣುಪಾಗಲೆಂದು ಗ್ರೈಂಡ್ ಮಾಡುವುದಿದ್ದರೆ ಓರೆ ಅಂಚು ಇನ್ನೂ ಮುಖ್ಯ. ಇಲ್ಲದಿದ್ದರೆ ಉಬ್ಬು ತೆಗೆಯುವಾಗ ಬಲವನ್ನೂ ತೆಗೆದಂತಾಗುತ್ತದೆ.

ದಾರದಳತೆ

ಮೂಲೆಯ ಆಕಾರ ಹೇಗೆ ಮಾಡಿದಿರಿ ಕಲ್ಲುಹಾದಿ? ಹಲವರು ಪೈಪನ್ನು ನೇರ ಕತ್ತರಿಸಿ ತುದಿಗೆ ಮುಚ್ಚಳ ಹಾಕಿ ಬಿಡುತ್ತಾರೆ. ಗಾಡಿ ಕಲ್ಲಿನ ಪಕ್ಕಕ್ಕೆ ಜಾರುವಾಗ ಆ ಚೌಕ ತುದಿಯೇ ಗೂಟದ ಹಾಗೆ ಸಿಕ್ಕಿಕೊಳ್ಳುವುದು. ಕೆಳಗಿನಿಂದ ಮೇಲಕ್ಕೂ ಹಿಂದಿನಿಂದ ಮುಂದಕ್ಕೂ ಓರೆ ಇರಬೇಕು.

ಕಲ್ಲುಹಾದಿ

ಹಾಗೇ ಮಾಡಿದ್ದೇನೆ. ನಡುವಿನ ಪೈಪ್ ಚಾಸಿಯ ಅಗಲಕ್ಕಿಂತ ಒಂದು ಗೇಣು ಹೆಚ್ಚಿದೆ, ಅಲ್ಲಿಂದ ಎರಡೂ ಕಡೆ 5ರ ಪ್ಲೇಟಿನ ರೆಕ್ಕೆ ಚಕ್ರದ ಕಮಾನಿನ ಕಡೆಗೆ ಮೇಲಕ್ಕೆ ಹೋಗುತ್ತದೆ. ಕೆಳಗಿನ ಮುಖ ಪೂರ್ತಿ ಓರೆ. ಒಳಗಡೆ ರೆಕ್ಕೆಗೆ ಎರಡೆರಡು ತ್ರಿಕೋನದ ಆಧಾರ ಕೊಟ್ಟಿದ್ದೇನೆ, ಇಲ್ಲದಿದ್ದರೆ ಒಂದೇ ಪೆಟ್ಟಿಗೆ ಬಾಡಿಯ ಕಡೆ ಬಾಗುತ್ತಿತ್ತು. ಉದ್ದ ವೆಲ್ಡಿನಲ್ಲಿ ಬಂಪರ್ ಬಾಳೆಕಾಯಿಯಂತೆ ಬಾಗದಿರಲಿ ಎಂದು ಸಣ್ಣ ಸಣ್ಣ ತುಂಡಾಗಿ, ಒಮ್ಮೆ ಎಡ ಒಮ್ಮೆ ಬಲ, ನಡುನಡುವೆ ಆರಲು ಬಿಟ್ಟು ಬೆಸೆದೆ. ಬ್ರಾಕೆಟ್ ಎರಡರ ನಡುವೆ ಒಂದು ಕೋನಕಬ್ಬಿಣವನ್ನು ತಾತ್ಕಾಲಿಕವಾಗಿ ಕಟ್ಟಿದ್ದರಿಂದ ತೂತುಗಳು ಸರಿಯಾಗಿ ಕೂತವು. ದಾರ ಎಳೆದು ನೋಡಿದರೆ ಕೋನ ಈಗ ಸೈಲೆನ್ಸರ್ ಕೊಳವೆಗೆ ಸಿಕ್ಕುತ್ತಿದೆ, ಬಂಪರಿಗಲ್ಲ. ಕೊಳವೆಯನ್ನು ಮೋಟು ಮಾಡಲೇ?

ಎರಡನೇಗೇರ್

ಮೋಟು ಮಾಡಿ, ಆದರೆ ಬಾಯಿ ಬಾಡಿಯ ಅಂಚಿನಿಂದ ಹೊರಗೇ ಇರಬೇಕು. ಗಾಡಿಯ ಅಡಿಯಲ್ಲಿ ಹೊಗೆ ಬಿಟ್ಟರೆ ಅದು ಟೈಲ್‌ಗೇಟಿನ ಸಂದು, ನೆಲದ ರಬ್ಬರ್ ಮುಚ್ಚಳ ಹುಡುಕಿಕೊಂಡು ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಪಕ್ಕಕ್ಕೆ, ಚಕ್ರದ ಹಿಂದೆ ತಿರುಗಿಸುವುದು ಮೇಲು.

ದೀಪಗಳ ವಿಷಯವನ್ನೂ ಓದುವವರು ಗಮನಿಸಿ. ಜಿಮ್ನಿಯಂಥ ಗಾಡಿಗಳಲ್ಲಿ ಹಿಂದಿನ ದೀಪಗಳೇ ಬಂಪರಿನಲ್ಲಿವೆ. ಬಂಪರ್ ಚಿಕ್ಕದು ಮಾಡಿದರೆ ದೀಪ, ರಿಫ್ಲೆಕ್ಟರ್‌ಗಳಿಗೆ ಬೇರೆ ಮನೆ ಕಟ್ಟಬೇಕು. ಹೊಸ ಗಾಡಿಗಳಲ್ಲಿ ಮೂಲೆಯ ಪ್ಲಾಸ್ಟಿಕ್ಕಿನ ಹಿಂದೆ ರೇಡಾರ್ ಇರುತ್ತದೆ. ಪ್ಲಾಸ್ಟಿಕ್ಕಿನಾಚೆ ಅದಕ್ಕೆ ಕಾಣಿಸುತ್ತದೆ, ಉಕ್ಕಿನಾಚೆ ಏನೂ ಕಾಣಿಸುವುದಿಲ್ಲ. ಮೊನೊಕಾಕ್, ಅಂದರೆ ಬೇರೆ ಚಾಸಿಯಿಲ್ಲದೆ ಬಾಡಿಯೇ ಚೌಕಟ್ಟಾಗಿರುವ ಗಾಡಿಯವರು ಈ ಚರ್ಚೆಯ ಬ್ರಾಕೆಟ್ ಅಳತೆಗಳನ್ನು ಹಾಗೇ ಎತ್ತಿಕೊಂಡು ಹೋಗಬೇಡಿ, ಅಲ್ಲಿ ಬೋಲ್ಟ್ ಹಿಡಿಯುವ ತಗಡೇ ಬೇರೆ.

ತುಕ್ಕುವೈರಿ

ಬಣ್ಣ ಹೊಡೆಯುವ ಮುಂಚೆ ಎಂಎಸ್ ಮೇಲಿನ ನೀಲಿಗಪ್ಪು ಪದರವನ್ನು ಫ್ಲ್ಯಾಪ್ ಡಿಸ್ಕಿನಲ್ಲಿ ಪೂರ್ತಿ ತೆಗೆಯಿರಿ. ಅದರ ಮೇಲೆ ಹೊಡೆದ ಬಣ್ಣ ಆ ಪದರದ ಸಮೇತ ಎದ್ದುಬರುತ್ತದೆ. ಎಪಾಕ್ಸಿ ಪ್ರೈಮರ್, ಮೇಲೆ ಸಾಧಾರಣ ಕಪ್ಪು ಬಣ್ಣ ನನ್ನ ಆಯ್ಕೆ. ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಕಲ್ಲಿಗೆ ಉಜ್ಜಿ ಒಂದು ಕಡೆ ಒಡೆದರೆ ನೀರು ಪದರದ ಅಡಿಯಲ್ಲೇ ಹರಿದು, ಹೊರಗೆ ಕಾಣದಂತೆ ತುಕ್ಕು ಹಬ್ಬುತ್ತದೆ. ಈ ಬಂಪರ್ ಇರುವುದೇ ಉಜ್ಜಿಸಿಕೊಳ್ಳಲು. ಬ್ರಷ್ಷಿನಲ್ಲಿ ತೇಪೆ ಹಚ್ಚಲು ಬರುವ ಬಣ್ಣವೇ ಇರಲಿ.

ಪೈಪಿನ ಅತಿ ಕೆಳಗಿನ ಜಾಗದಲ್ಲಿ 8 ಅಥವಾ 10 ಎಂಎಂ ತೂತು ಕೊರೆಯಿರಿ, ಕೆಸರು ನೀರು ಇಳಿದುಹೋಗಲಿ. ಬಣ್ಣ ಒಣಗಿದ ಮೇಲೆ ಅದೇ ತೂತಿನಿಂದ ಕ್ಯಾವಿಟಿ ವ್ಯಾಕ್ಸ್ (ಪೊಳ್ಳಿನೊಳಗೆ ತುಕ್ಕು ತಡೆಯುವ ಮೇಣ) ಸಿಂಪಡಿಸಿ. ಯಾರಾದರೂ ಬಿಸಿ ಸತುವಿನಲ್ಲಿ ಅದ್ದಿಸುವುದಿದ್ದರೆ ತೂತಿಲ್ಲದ ಪೈಪನ್ನು ಕೊಡಲೇಬೇಡಿ, ಒಳಗಿನ ಗಾಳಿ, ತೇವ ಕಾದು ಸಿಡಿಯುತ್ತದೆ. ತೂತು ಎಲ್ಲೆಲ್ಲಿ, ಎಷ್ಟು ದೊಡ್ಡದು ಬೇಕೆಂದು ಅದ್ದುವವರನ್ನೇ ಕೇಳಿ.

ಕಲ್ಲುಹಾದಿ

ಬಂಪರ್ ಕೂತಿದೆ. ಕೊಂಡಿ, ಬ್ರಾಕೆಟ್ ಬೆಸುಗೆಯನ್ನು ಕಮ್ಮಾರಸಾಲೆಯವರ ಟಿ ಪರೀಕ್ಷೆ ದಾಟಿದ ಮೇಲೆಯೇ ಮಾಡಿದ್ದು. ಶ್ಯಾಕಲ್ ಎಲ್ಲ ಬಿಚ್ಚಿ ತೂಗಿದರೆ ಒಟ್ಟು 24 ಕೆ.ಜಿ. ಬಂತು. ಕಲ್ಲಿನ ಇಳಿಜಾರಿನಲ್ಲಿ ಎಡರೆಕ್ಕೆ ಒಮ್ಮೆ ತಾಗಿ ಕಿರ್ ಎಂದು ಜಾರಿತು. ಬಣ್ಣ ಹೋದ ಕಡೆ ಬೆರಳಗಲದ ಹೊಳೆಯುವ ಗೆರೆ ಇದೆ, ಪ್ಲೇಟ್ ಕದಲಿಲ್ಲ. ಬಾಡಿಯ ಸಂದು ಎರಡೂ ಕಡೆ ಮೊದಲಿನಷ್ಟೇ ಇದೆ.

ಬೋಲ್ಟುಗಳನ್ನು 80 ನ್ಯೂಟನ್ ಮೀಟರಿಗೆ ಬಿಗಿದಿದ್ದೆ. ಮತ್ತೆ ಯಾವಾಗ ನೋಡಬೇಕು?

ಕಮ್ಮಾರಸಾಲೆ

ಈಗಲೇ. ಬ್ರಾಕೆಟ್ ಮತ್ತು ಚಾಸಿಯ ನಡುವೆ ಸಿಕ್ಕಿದ ಬಣ್ಣ ಮೊದಲ ಓಡಾಟದಲ್ಲಿ ಅಮುಕಿಕೊಂಡು ಬೋಲ್ಟ್ ಸಡಿಲಾಗುತ್ತದೆ. ಅಲ್ಲಿ ದಪ್ಪ ಬಣ್ಣ ಇದ್ದರೆ ಕೆರೆದು ಬರೀ ಪ್ರೈಮರ್ ಉಳಿಸಿ. ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದೆಯಾ ಎಂದು ಪ್ರತಿ ಸಲ ಗಾಡಿ ತೊಳೆಯುವಾಗ ಬಗ್ಗಿ ನೋಡಿದರೆ ಸಾಕು. ಜೋರಾಗಿ ಎಳೆಸಿಕೊಂಡ ದಿನ ಮಾತ್ರ ಬೋಲ್ಟಿನ ಜೊತೆ ಬೆಸುಗೆಯ ಅಂಚುಗಳನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಗ್ರೈಂಡ್ ಮಾಡಿ ಮತ್ತೆ ಬೆಸೆಯುವವರೆಗೆ ಆ ಕೊಂಡಿಗೆ ಹಗ್ಗ ಹಾಕಬೇಡಿ.